ಕಮಲಾ ಸೊಹೊನಿ: ಒಂದು ವರ್ಷದ ಷರತ್ತು

ಡೊಂಬಿವಲಿಯ ನಮ್ಮ ಮನೆಯ ಅಟ್ಟದಲ್ಲಿ ಒಂದು ನೀಲಿ ಫೈಲಿದೆ. ಅರ್ಧಕ್ಕೆ ನಿಂತ ನನ್ನ ಪಿಎಚ್.ಡಿ. ಅದು. ಮೂರು ಅಧ್ಯಾಯ ಬರೆದು ಮುಗಿಸುವಷ್ಟರಲ್ಲಿ ಮಗಳು ಹುಟ್ಟಿದಳು. ಇನ್ನು ನಿಮಗೆ ಇದೆಲ್ಲ ಯಾಕಮ್ಮಾ ಎಂದು ನನ್ನ ಮಾರ್ಗದರ್ಶಕರು ನಗುತ್ತಲೇ ಕೇಳಿದರು. ನಾನೂ ನಕ್ಕೆ. ರೈಲಿನಲ್ಲಿ ಮಾತ್ರ ದಾರಿಯುದ್ದಕ್ಕೂ ಕಣ್ಣು ಒರೆಸಿಕೊಳ್ಳುತ್ತಾ ಬಂದೆ. ಎಷ್ಟೋ ವರ್ಷಗಳ ನಂತರ ಕಮಲಾ ಸೊಹೊನಿಯವರ ಬಗ್ಗೆ ಓದಿದಾಗ ಮೊದಲು ನೆನಪಾದದ್ದು ಆ ದಿನವೇ.

ಕಮಲಾ ಭಾಗವತ್ ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ತಂದೆ ಮತ್ತು ತಂದೆಯ ಸೋದರ ಇಬ್ಬರೂ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ರಸಾಯನಶಾಸ್ತ್ರ ಕಲಿತವರು. ಹಾಗಾಗಿ 1933ರಲ್ಲಿ ಮುಂಬೈಯಲ್ಲಿ ಬಿ.ಎಸ್ಸಿ. ಮುಗಿಸಿ, ಎಲ್ಲರಿಗಿಂತ ಹೆಚ್ಚು ಅಂಕ ಪಡೆದ ಹುಡುಗಿಗೆ ಅಲ್ಲಿ ಸೀಟು ಸಿಗುವುದಿಲ್ಲ ಎಂದು ಮನೆಯಲ್ಲಿ ಯಾರೂ ಎಣಿಸಿರಲಿಲ್ಲ. ಅರ್ಜಿ ತಿರಸ್ಕೃತವಾಯಿತು. ಆಗಿನ ನಿರ್ದೇಶಕರು ಸರ್ ಸಿ.ವಿ. ರಾಮನ್. ಅವರಿಗೆ ನೊಬೆಲ್ ಬಂದು ಮೂರೇ ವರ್ಷವಾಗಿತ್ತು. ಅಂಥವರು ಹೇಳಿದ ಕಾರಣ ಒಂದೇ, ಅರ್ಜಿದಾರಳು ಹೆಣ್ಣು.

ಕಮಲಾ ಬೆಂಗಳೂರಿಗೇ ಹೋದರು. ಸತ್ಯಾಗ್ರಹ ಹೂಡುವುದಾಗಿ ಪಟ್ಟು ಹಿಡಿದರು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತುಗಳೊಂದಿಗೆ. ಮೊದಲ ಒಂದು ವರ್ಷ ಅವರನ್ನು ಪೂರ್ಣ ವಿದ್ಯಾರ್ಥಿನಿ ಎಂದು ಪರಿಗಣಿಸುವುದಿಲ್ಲ. ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು. ಗಂಡು ಸಂಶೋಧಕರ ಗಮನ ಕೆಡಿಸಕೂಡದು.

ಈ ಮೂರನೆಯ ಷರತ್ತು ಓದಿ ನಾನು ಪುಸ್ತಕ ಮುಚ್ಚಿಟ್ಟೆ. ಬೇರೆಯವರ ಗಮನಕ್ಕೂ ಇವರೇ ಹೊಣೆಯೇ? ಇಪ್ಪತ್ತೆರಡರ ಆಸುಪಾಸಿನ ಹುಡುಗಿ, ಇಡೀ ಒಂದು ವರ್ಷ, ತಲೆಯೆತ್ತಿ ನೋಡಿದರೂ ತಪ್ಪಾದೀತೇನೋ ಎಂಬ ಅಳುಕಿನಲ್ಲಿ ಟೆಸ್ಟ್ ಟ್ಯೂಬ್ ಹಿಡಿದಿದ್ದಾಳು. ಆ ಅವಮಾನವನ್ನು ಅವರು ಕೊನೆತನಕ ಮರೆಯಲಿಲ್ಲ. ವಯಸ್ಸಾದ ಮೇಲೂ, ಅಷ್ಟು ದೊಡ್ಡ ವಿಜ್ಞಾನಿಯ ಮನಸ್ಸು ಅಷ್ಟು ಸಣ್ಣದಾಗಿತ್ತಲ್ಲ ಎಂದು ಸಭೆಯಲ್ಲೇ ನೊಂದು ಹೇಳಿದ್ದರು.

ಪ್ರಯೋಗಾಲಯದಲ್ಲಿ ಅವರಿಗೆ ಗುರುವಾಗಿ ಸಿಕ್ಕವರು ಎಂ. ಶ್ರೀನಿವಾಸಯ್ಯ. ಶಿಸ್ತಿನ ಮನುಷ್ಯ, ಆದರೆ ಕಲಿಸುವುದರಲ್ಲಿ ಜಿಪುಣತನವಿಲ್ಲ. ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ ನಡೆಯಿತು. ವರ್ಷ ಕಳೆಯುವಷ್ಟರಲ್ಲಿ ರಾಮನ್‌ರಿಗೂ ತೃಪ್ತಿಯಾಯಿತು, ಆಮೇಲೆ ಬೇರೆ ಹುಡುಗಿಯರಿಗೂ ಬಾಗಿಲು ತೆರೆಯಿತು.

ಮುಂದೆ ಕೇಂಬ್ರಿಜ್. ಅಲ್ಲಿ ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತಾ, ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಸಿ ಸಸ್ಯಗಳಲ್ಲೂ ಇದೆ ಎಂದು ಕಂಡುಹಿಡಿದರು. ಹದಿನಾಲ್ಕು ತಿಂಗಳ ಕೆಲಸ, ಬರೀ ನಲವತ್ತು ಪುಟದ ಪ್ರಬಂಧ! (ನನ್ನ ಮೂರು ಅಧ್ಯಾಯವೇ ಇನ್ನೂರು ಪುಟ ದಾಟಿತ್ತು.) 1939ರಲ್ಲಿ ಡಾಕ್ಟರೇಟ್ ಕೈಗೆ ಬಂತು. ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಗುರುತಿಸುತ್ತಾರೆ.

ಪದವಿ ಬಂದ ಮೇಲೆ ಎಲ್ಲ ಸರಾಗವಾಯಿತೇ? ಇಲ್ಲ. ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜು, ಆಮೇಲೆ ಕೂನೂರು. 1947ರಲ್ಲಿ ಎಂ.ವಿ. ಸೊಹೊನಿಯವರನ್ನು ಮದುವೆಯಾಗಿ ಮುಂಬೈಗೆ ಬಂದರು. ಇಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಡವರ ಆಹಾರದ ಮೇಲೆ ದುಡಿದರು. ನೀರಾ ಕುರಿತ ಸಂಶೋಧನೆಗೆ ರಾಷ್ಟ್ರಪತಿ ಪ್ರಶಸ್ತಿ ಬಂತು. ನಿರ್ದೇಶಕರ ಹುದ್ದೆ ಮಾತ್ರ ವರ್ಷಗಟ್ಟಲೆ ತಡವಾಗಿಯೇ ಸಿಕ್ಕಿತು.

ಕಮಲಾರ ಅಕ್ಕ ಯಾರು ಗೊತ್ತೇ? ಮರಾಠಿಯ ದುರ್ಗಾ ಭಾಗವತ್. ಅವರೂ ಸಂಶೋಧನೆಗೆಂದು ಮಧ್ಯಪ್ರದೇಶದ ಆದಿವಾಸಿಗಳ ನಡುವೆ ಹೋದವರು. ಅಲ್ಲಿ ತಿಂದದ್ದೇನೋ ವಿಷವಾಗಿ ವರ್ಷಗಟ್ಟಲೆ ಹಾಸಿಗೆ ಹಿಡಿದರು. ಪಿಎಚ್.ಡಿ. ಅಲ್ಲಿಗೇ ನಿಂತಿತು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಪದವಿ ಸಿಕ್ಕಿತು, ಒಬ್ಬರಿಗೆ ಇಲ್ಲ. ದುರ್ಗಾತಾಯಿ ಪುಸ್ತಕಗಳನ್ನು ಬರೆಯುತ್ತಲೇ ಹೋದರು. ಮರಾಠಿ ಬಲ್ಲ ನಮ್ಮ ಸದಸ್ಯೆಯರಿಗೆ ಅದನ್ನು ನಾನು ಹೇಳಬೇಕಾಗಿಲ್ಲ.

1998ರಲ್ಲಿ ದೆಹಲಿಯಲ್ಲಿ ಕಮಲಾ ಅವರಿಗೆ ಸನ್ಮಾನ ಏರ್ಪಾಡಾಯಿತು. ಆ ಸಮಾರಂಭದಲ್ಲೇ ಅವರು ಕುಸಿದು ಬಿದ್ದರು, ಸ್ವಲ್ಪ ದಿನಗಳಲ್ಲೇ ತೀರಿಕೊಂಡರು.

ಹೋದ ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ಮಗಳು ಆ ನೀಲಿ ಫೈಲು ಇಳಿಸಿ, ಅಮ್ಮಾ, ಇದನ್ನು ರದ್ದಿಗೆ ಹಾಕಲಾ ಎಂದಳು. ಬೇಡ ಕಣೇ, ಅಲ್ಲೇ ಇಡು ಎಂದೆ.