ಸಿಆರ್‌ಓ ಹಿಂದಿನ ಮೇಷ್ಟ್ರು: ಫರ್ಡಿನಾಂಡ್ ಬ್ರೌನ್

ಹಾಫ್ ವೇವ್ ರೆಕ್ಟಿಫೈಯರ್ ಮಾಡದೆ ಎಲೆಕ್ಟ್ರಾನಿಕ್ಸ್ ಲ್ಯಾಬ್ ದಾಟಿದವರು ನಮ್ಮಲ್ಲಿ ಯಾರಿದ್ದಾರೆ? ಬ್ರೆಡ್‌ಬೋರ್ಡ್ ಮೇಲೊಂದು ಡಯೋಡ್, ಪಕ್ಕದಲ್ಲಿ ಸಿಆರ್‌ಓ. ಪರದೆ ಮೇಲೆ ಅರ್ಧ ಅಲೆ ಕಂಡರೆ ಸಾಕು, ರೀಡಿಂಗ್ ಬರ್ಕೊಂಡು, ಸಹಿ ಹಾಕಿಸ್ಕೊಂಡು ಕ್ಯಾಂಟೀನ್ ಕಡೆ ಓಟ. ಆ ಟೇಬಲ್ ಮೇಲಿರೋ ಡಯೋಡ್, ಸಿಆರ್‌ಓ ಎರಡರ ಬೇರೂ ಒಬ್ಬರೇ ಮನುಷ್ಯರ ಹತ್ತಿರ ಹೋಗಿ ನಿಲ್ಲುತ್ತೆ ಅನ್ನೋದು ಲ್ಯಾಬ್ ಮ್ಯಾನುವಲ್‌ನಲ್ಲಿ ಇರಲ್ಲ. ಅವರು ಕಾರ್ಲ್ ಫರ್ಡಿನಾಂಡ್ ಬ್ರೌನ್.

ಬ್ರೌನ್ ಹುಟ್ಟಿದ್ದು 1850ರ ಜೂನ್ 6ರಂದು, ಜರ್ಮನಿಯ ಫುಲ್ಡಾದಲ್ಲಿ. ಮಾರ್‌ಬುರ್ಗ್ ಮತ್ತು ಬರ್ಲಿನ್‌ನಲ್ಲಿ ಓದಿ, ತಂತಿಗಳ ಕಂಪನದ ಬಗ್ಗೆ ಪ್ರಬಂಧ ಬರೆದು 1872ರಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ಕೆಲಕಾಲ ಲೈಪ್‌ಜಿಗ್‌ನಲ್ಲಿ ಸ್ಕೂಲ್ ಮೇಷ್ಟ್ರಾಗಿದ್ದರು. ಹುಡುಗರಿಗಾಗಿ ಒಂದು ಗಣಿತ-ವಿಜ್ಞಾನದ ಪುಸ್ತಕವನ್ನೂ ಬರೆದರು. 1874ರಲ್ಲಿ, ಇನ್ನೂ 24ರ ವಯಸ್ಸು, ಸೀಸದ ಸಲ್ಫೈಡ್‌ನಂಥ ಖನಿಜದ ಹರಳಿಗೆ ಲೋಹದ ತಂತಿಯ ಮೊನೆ ತಾಗಿಸಿ ಕರೆಂಟ್ ಹರಿಸಿದಾಗ ಒಂದು ವಿಚಿತ್ರ ಕಂಡಿತು. ಒಂದು ದಿಕ್ಕಿಗೆ ಸಲೀಸಾಗಿ ಹರಿಯೋ ಕರೆಂಟ್ ಇನ್ನೊಂದು ದಿಕ್ಕಿಗೆ ಹಾಗೆ ಹರಿಯಲ್ಲ. ಅಂದ್ರೆ ನಮ್ಮ ಡಯೋಡ್! ಆದರೆ ಅದನ್ನ ಇಟ್ಕೊಂಡು ಏನು ಮಾಡೋದು ಅಂತ ಆಗ ಯಾರಿಗೂ ಹೊಳೆಯಲಿಲ್ಲ. ರೇಡಿಯೋ ಬರೋವರೆಗೂ ಆ ಹರಳಿಗೆ ಕೆಲಸ ಸಿಗಲಿಲ್ಲ.

ಮಾರ್‌ಬುರ್ಗ್, ಸ್ಟ್ರಾಸ್‌ಬುರ್ಗ್, ಕಾರ್ಲ್ಸ್‌ರೂಹ, ಟ್ಯೂಬಿಂಗನ್ ಅಂತ ಊರೂರು ಸುತ್ತಿ, 1895ರಲ್ಲಿ ಮತ್ತೆ ಸ್ಟ್ರಾಸ್‌ಬುರ್ಗ್‌ಗೆ ಭೌತಶಾಸ್ತ್ರ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಆಗ ಆ ಊರು ಜರ್ಮನಿಯಲ್ಲಿತ್ತು.

ಆ ಕಾಲಕ್ಕೆ ಊರೂರಿಗೆ ಎಸಿ ಕರೆಂಟ್ ಬರ್ತಾ ಇತ್ತು. ಆದರೆ ಅದರ ಅಲೆಯ ಆಕಾರ ನೋಡೋದು ಹೇಗೆ? ಮೀಟರ್ ಮುಳ್ಳಿಗೆ ತೂಕ ಇದೆ. ಸೆಕೆಂಡಿಗೆ 50 ಸಲ ಅತ್ತಿತ್ತ ಓಡು ಅಂದ್ರೆ ಅದು ಸುಮ್ಮನೆ ನಡುಗುತ್ತೆ, ಅಷ್ಟೇ. ತೂಕವೇ ಇಲ್ಲ ಅನ್ನೋವಷ್ಟು ಹಗುರವಾದ ಮುಳ್ಳು ಬೇಕಿತ್ತು. ಬ್ರೌನ್ ಅದನ್ನ ಕ್ಯಾಥೋಡ್ ಕಿರಣದಲ್ಲಿ ಕಂಡರು. ಉದ್ದನೆಯ ಗಾಜಿನ ಕೊಳವೆ, ಒಳಗೆ ಸಣ್ಣ ತೂತಿರೋ ಅಲ್ಯೂಮಿನಿಯಂ ತಡೆ, ತುದಿಯಲ್ಲಿ ಹೊಳೆಯೋ ಲೇಪ ಹಚ್ಚಿದ ಅಭ್ರಕದ ಪರದೆ, ಹೊರಗೆ ಒಂದು ಕಾಯಿಲ್. ಕಾಯಿಲ್‌ನಲ್ಲಿ ಕರೆಂಟ್ ಬದಲಾದಂತೆ ಪರದೆ ಮೇಲಿನ ಚುಕ್ಕೆ ಮೇಲೆ ಕೆಳಗೆ ಓಡುತ್ತೆ. 1897ರ ಫೆಬ್ರವರಿ 15ರ ಈ ಪ್ರಬಂಧ ಬಂದು ಎರಡು ತಿಂಗಳಾದ ಮೇಲೆ ಜೆ.ಜೆ. ಥಾಮ್ಸನ್ ಆ ಕಿರಣದಲ್ಲಿರೋದು ಅತಿ ಸಣ್ಣ ಕಣಗಳು ಅಂತ ಸಾರಿದರು. ಎಲೆಕ್ಟ್ರಾನ್ ಅಂದ್ರೇನು ಅಂತ ಗೊತ್ತಾಗೋ ಮೊದಲೇ ಬ್ರೌನ್ ಅದನ್ನ ಕೆಲಸಕ್ಕೆ ಹಚ್ಚಿದ್ದರು!

ಈಗ ನಮ್ಮ ಸಿಆರ್‌ಓ ಮುಂದೆ ಬನ್ನಿ. ಇಷ್ಟೊಂದು ನಾಬ್ ಯಾಕಪ್ಪಾ ಅನ್ನಿಸುತ್ತಲ್ಲ, ಬ್ರೌನ್ ಕೊಳವೆಯಲ್ಲಿ ಏನೇನು ಇರಲಿಲ್ಲ ಅಂತ ನೋಡಿದ್ರೆ ಅರ್ಥ ಆಗುತ್ತೆ. ಅವರ ಚುಕ್ಕೆ ಬರೀ ಮೇಲೆ ಕೆಳಗೆ ಹೋಗ್ತಿತ್ತು, ಹಾಗಾಗಿ ಕಾಣ್ತಿದ್ದದ್ದು ಒಂದು ನೆಟ್ಟನೆ ಗೆರೆ. ಅದನ್ನ ಅಲೆಯಾಗಿ ಹರಡಿ ನೋಡೋಕೆ ತಿರುಗೋ ಕನ್ನಡಿ ಇಟ್ಟಿದ್ದರು. ನಾವು ಟೈಮ್/ಡಿವ್ ತಿರುಗಿಸೋದು ಅಂದ್ರೆ ಆ ಕನ್ನಡಿಯ ವೇಗ ಬದಲಾಯಿಸಿದ ಹಾಗೆ. 50 ಹರ್ಟ್ಜ್‌ನ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಅಡ್ಡಕ್ಕೆ 10 ಚೌಕ ಇದ್ದರೆ 2 ಮಿಲಿಸೆಕೆಂಡ್‌ಗೆ ಇಟ್ಟಾಗ ಸರಿಯಾಗಿ ಒಂದು ಅಲೆ, 5ಕ್ಕೆ ಇಟ್ಟಾಗ ಎರಡೂವರೆ. 1899ರಲ್ಲಿ ಬ್ರೌನ್ ಅವರ ಸಹಾಯಕ ಯೋನಾಥನ್ ಜೆನೆಕ್ ಕನ್ನಡಿ ಬಿಟ್ಟು ಕಿರಣವನ್ನೇ ಅಡ್ಡಕ್ಕೆ ಸಮವೇಗದಲ್ಲಿ ಓಡಿಸಿದರು.

ವೋಲ್ಟ್ಸ್/ಡಿವ್ ಇರೋಕೆ ಸಾಧ್ಯವೇ ಇರಲಿಲ್ಲ, ಯಾಕಂದ್ರೆ ಆಂಪ್ಲಿಫೈಯರ್ ಇನ್ನೂ ಹುಟ್ಟಿರಲಿಲ್ಲ. ಇಂಟೆನ್ಸಿಟಿ ನಾಬ್ ನಮಗೆ ಸಿಕ್ಕಿದ್ದು ಆಮೇಲೆ ಕಾದ ಕ್ಯಾಥೋಡ್ ತಂದ ವೇನೆಲ್ಟ್ ಅವರಿಂದ. ಅಲೆ ನಿಲ್ಲದೆ ಓಡ್ತಾ ಇದ್ರೆ ನಾವು ಪರದಾಡೋ ಆ ಟ್ರಿಗರ್ ಲೆವೆಲ್ ಇದೆಯಲ್ಲ, ಅದು ಲ್ಯಾಬ್‌ಗಳಲ್ಲಿ ಮಾಮೂಲಿಯಾಗಿದ್ದು 1947ರ ಟೆಕ್ಟ್ರಾನಿಕ್ಸ್ 511 ಬಂದ ಮೇಲೆ. ಪರದೆಯಲ್ಲಿ ಏನೂ ಕಾಣದಿದ್ರೆ ಸಿಕ್ಕ ಸಿಕ್ಕ ನಾಬ್ ತಿರುಗಿಸಬೇಡಿ. ಇನ್‌ಪುಟ್ ಗ್ರೌಂಡ್‌ಗೆ, ಟ್ರಿಗರ್ ಆಟೋಗೆ, ಪೊಸಿಷನ್ ಎರಡೂ ನಡುವಿಗೆ, ಇಂಟೆನ್ಸಿಟಿ ಸ್ವಲ್ಪ ಮೇಲಕ್ಕೆ. ಮೊದಲು ಗೆರೆ ಸಿಗಲಿ, ಆಮೇಲೆ ಸಿಗ್ನಲ್. ಹೊಸ ಡಿಎಸ್‌ಓದಲ್ಲಿ ಕೊಳವೆಯೇ ಇಲ್ಲ, ಆದರೂ ನಾಬ್‌ಗಳು ಮಾತ್ರ ಇವೇ.

ಈ ಕೊಳವೆಗೆ ಬ್ರೌನ್ ಪೇಟೆಂಟ್ ತಗೊಳ್ಳಲೇ ಇಲ್ಲ. ಬೇಕಾದವರು ಮಾಡ್ಕೊಳ್ಳಿ ಅಂತ ಬಿಟ್ಟರು. ಅದು ಟಿವಿವರೆಗೂ ಹೋಯ್ತು. ಜಪಾನೀಯರು ಪಿಕ್ಚರ್ ಟ್ಯೂಬನ್ನು ಕರೆಯೋದೇ ಬ್ರೌನ್ ಕೊಳವೆ ಅಂತ.

ವೈರ್‌ಲೆಸ್ ವಿಷಯದಲ್ಲಿ ಹಾಗಾಗಲಿಲ್ಲ. ಮಾರ್ಕೋನಿಯ ಆರಂಭದ ಸಾಧನದಲ್ಲಿ ಕಿಡಿ ನೇರವಾಗಿ ಆಂಟೆನಾ ಸರ್ಕ್ಯೂಟ್‌ನಲ್ಲೇ ಹಾರ್ತಿತ್ತು. ಬ್ರೌನ್ ಕಿಡಿಯನ್ನ ಬೇರೆ ಸರ್ಕ್ಯೂಟ್‌ಗೆ ಹಾಕಿ, ಕಾಯಿಲ್‌ಗಳ ಮೂಲಕ ಆಂಟೆನಾಗೆ ಜೋಡಿಸಿದರು. ಸಿಗ್ನಲ್ ಇನ್ನೂ ದೂರ ಹೋಯ್ತು. ಇದಕ್ಕೆ ಪೇಟೆಂಟ್‌ಗಳಿದ್ದವು, ಕಂಪನಿಗಳಿದ್ದವು. 1909ರ ನೊಬೆಲ್ ಬಂದಿದ್ದೂ ಇದಕ್ಕೇ, ಮಾರ್ಕೋನಿ ಜೊತೆ ಹಂಚಿಕೊಂಡು. ಸಿಆರ್‌ಓಗೆ ಅಂತ ಅಲ್ಲ! ನನ್ನ ಪ್ರಕಾರ ಅವರ ದೊಡ್ಡ ಕೆಲಸ ಕೊಳವೆಯೇ.

ಮೊದಲ ಮಹಾಯುದ್ಧ ಶುರುವಾದಾಗ ಅಮೆರಿಕದ ಸೇವಿಲ್‌ನಲ್ಲಿದ್ದ ಜರ್ಮನ್ ವೈರ್‌ಲೆಸ್ ಕೇಂದ್ರದ ಮೇಲೆ ಮಾರ್ಕೋನಿ ಕಂಪನಿ ಪೇಟೆಂಟ್ ಕೇಸ್ ಹಾಕಿತು. ಸಾಕ್ಷಿ ಹೇಳೋಕೆ 64ರ ಬ್ರೌನ್, ಜೆನೆಕ್ ಜೊತೆ 1914ರ ಕೊನೆಯಲ್ಲಿ ಹಡಗು ಹತ್ತಿ ನ್ಯೂಯಾರ್ಕ್‌ಗೆ ಹೋದರು. ಯುದ್ಧದ ನಡುವೆ ವಾಪಸ್ ಬರೋದು ಕಷ್ಟವಾಯ್ತು. 1917ರಲ್ಲಿ ಅಮೆರಿಕವೂ ಯುದ್ಧಕ್ಕೆ ಇಳಿದ ಮೇಲೆ ಅವರು ಶತ್ರುದೇಶದ ಪ್ರಜೆ. 1918ರ ಏಪ್ರಿಲ್ 20ರಂದು ಬ್ರೂಕ್ಲಿನ್‌ನಲ್ಲಿ ತೀರಿಕೊಂಡರು. ಯುದ್ಧ ನಿಂತಿದ್ದು ನವೆಂಬರ್‌ನಲ್ಲಿ. ಆಮೇಲೆ ಅವರ ಸ್ಟ್ರಾಸ್‌ಬುರ್ಗ್ ಫ್ರಾನ್ಸ್ ಪಾಲಾಯ್ತು.