ಸೊಲ್ಲಾಪುರದಿಂದ ಸಮುದ್ರಕ್ಕೆ: ವಾಲ್‌ಚಂದ್ ಹೀರಾಚಂದರು

ಹೈದರಾಬಾದಿನಿಂದ ಮುಂಬಯಿಗೆ ರೈಲಿನಲ್ಲಿ ಹೋಗಿಬರುವ ನಮ್ಮ ವಾಚಕ ಬಂಧುಗಳಿಗೆ ಸೊಲ್ಲಾಪುರವು ಅಪರಿಚಿತ ಊರಲ್ಲ. ಕನ್ನಡ, ಮರಾಠಿ, ತೆಲುಗು ಮೂರೂ ಭಾಷೆಗಳು ಬೀದಿಯಲ್ಲಿ ಕೇಳಿಬರುವ ಆ ನಗರಕ್ಕೆ ಕಡಲಿನ ಗಾಳಿಯೂ ತಾಗದು. ಆದರೂ ಭಾರತೀಯರ ಉಗಿಹಡಗನ್ನು ಲಂಡನ್ನಿಗೆ ಕಳುಹಿಸಿದ ಸಾಹಸಿ ವಾಲ್‌ಚಂದ್ ಹೀರಾಚಂದರು 1882ರ ನವೆಂಬರ್ 23ರಂದು ಜನಿಸಿದುದು ಅಲ್ಲಿಯೇ.

ಅವರದು ಗುಜರಾತಿ ಜೈನ ವರ್ತಕರ ಮನೆತನ. ಹತ್ತಿ ಮತ್ತು ಲೇವಾದೇವಿಯ ವ್ಯವಹಾರದಲ್ಲಿ ಮನಸ್ಸು ನಿಲ್ಲದೆ ಅವರು, ಹಿಂದೆ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕರೊಡನೆ ಪಾಲುಗಾರರಾಗಿ ರೈಲ್ವೆ ಕಂತ್ರಾಟು ಹಿಡಿದರು. ಗುಮಾಸ್ತರಾಗಿರುವ ನಮ್ಮ ಬಂಧುಗಳು ಇದನ್ನು ಗಮನಿಸತಕ್ಕದ್ದು.

1919ರಲ್ಲಿ ಅವರು ನರೋತ್ತಮ ಮೊರಾರ್ಜಿ ಮೊದಲಾದ ಮಿತ್ರರೊಡಗೂಡಿ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯನ್ನು ಸ್ಥಾಪಿಸಿದರು. ಗ್ವಾಲಿಯರ್ ಮಹಾರಾಜರಿಂದ ಕೊಂಡ 'ಲಾಯಲ್ಟಿ' ಎಂಬ ಹಡಗು ಅದೇ ವರ್ಷ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. 1891ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಲ್ಪಟ್ಟು, ಮೊದಲನೆಯ ಮಹಾಯುದ್ಧದಲ್ಲಿ ಆಸ್ಪತ್ರೆಯ ಹಡಗಾಗಿದ್ದ ಹಳೆಯ ಹಡಗು ಅದು. ಬ್ರಿಟಿಷ್ ಕಂಪನಿಗಳು ಸಾಗಣೆಯ ದರವನ್ನು ಇಳಿಸಿ ಪೈಪೋಟಿ ಹೂಡಿದವು. ನಷ್ಟದ ಮೇಲೆ ನಷ್ಟವಾಗಿ 1923ರಲ್ಲಿ ಆ ಹಡಗನ್ನು ಒಡೆದು ಗುಜರಿಗೆ ಹಾಕಲಾಯಿತು. ಆದರೆ ವಾಲ್‌ಚಂದರು ಸಮುದ್ರವನ್ನು ಬಿಡಲಿಲ್ಲ. 1929ರಿಂದ 1950ರವರೆಗೆ ಕಂಪನಿಯ ಅಧ್ಯಕ್ಷರಾಗಿದ್ದರು. ಪಶ್ಚಿಮ ಕರಾವಳಿಯಲ್ಲಿ ಯಾತ್ರಿಕರ ಸ್ಟೀಮರುಗಳನ್ನು ನಡೆಸುತ್ತಿದ್ದ ಬಾಂಬೆ ಸ್ಟೀಮ್ ನ್ಯಾವಿಗೇಷನ್ ಕಂಪನಿಯೂ ಮುಂದೆ ಸಿಂಧಿಯಾದ ಒಡೆತನಕ್ಕೆ ಬಂದಿತು.

1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಸಹಾಯದಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದವರೂ ಅವರೇ. 1941ರಲ್ಲಿ ವಿಶಾಖಪಟ್ಟಣದಲ್ಲಿ ಅವರ ಹಡಗುಕಟ್ಟೆಗೆ ಬಾಬು ರಾಜೇಂದ್ರ ಪ್ರಸಾದರು ಶಂಕುಸ್ಥಾಪನೆ ಮಾಡಿದರು. ಅಲ್ಲಿ ಕಟ್ಟಿದ 'ಜಲ ಉಷಾ' ಹಡಗನ್ನು 1948ರ ಮಾರ್ಚ್ 14ರಂದು ನೆಹರೂರವರು ನೀರಿಗಿಳಿಸಿದರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ವಾಲ್‌ಚಂದರು ಕಾಲವಾದರು.

ಲಾಯಲ್ಟಿ ಹಡಗು ಉಳಿಯಲಿಲ್ಲ. ಸಿಂಧಿಯಾದ ಹಡಗುಗಳೂ ಇಂದು ಕಡಲಿನಲ್ಲಿಲ್ಲ. ಆದರೆ ಆ ಹಡಗು ಹೊರಟ ದಿನ ಉಳಿದಿದೆ. 1964ರಿಂದ ಏಪ್ರಿಲ್ 5ನ್ನು ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸಲಾಗುತ್ತಿದೆ. ಬರೆದಿಟ್ಟವರು ಇದ್ದುದರಿಂದ ಅದು ಸಾಧ್ಯವಾಯಿತು.

ನಮ್ಮವರ ಸ್ಟೀಮರ್ ಯಾತ್ರೆಯನ್ನು ಬರೆದಿಟ್ಟವರು ಎಷ್ಟು ಮಂದಿ? ನಾವು ಹೋಟೆಲು ನಡೆಸುತ್ತಿದ್ದಾಗ ಗಲ್ಲಾಪೆಟ್ಟಿಗೆಯ ಬಳಿ ನಿಂತು ವೃದ್ಧ ಅಡಿಗೆಯವರೊಬ್ಬರು, ತಮ್ಮ ತಂದೆ ಹದಿಮೂರನೆಯ ವಯಸ್ಸಿನಲ್ಲಿ ಮಂಗಳೂರಿನಿಂದ ಸ್ಟೀಮರಿನಲ್ಲಿ ಮುಂಬಯಿಗೆ ಹೋಗಿ ಲೋಟ ತೊಳೆಯಲು ನಿಂತ ಕಥೆಯನ್ನು ಹೇಳುತ್ತಿದ್ದರು. ಗಿರಾಕಿಗಳ ಗಡಿಬಿಡಿಯಲ್ಲಿ ನಾವು ಅರ್ಧ ಕೇಳಿದೆವು, ಬರೆದುಕೊಳ್ಳಲಿಲ್ಲ. ಈಗ ಅವರಿಲ್ಲ, ಆ ಹಡಗಿನ ಹೆಸರನ್ನು ಹೇಳುವವರೂ ಇಲ್ಲ. ಮನೆಯಲ್ಲಿ ಹಿರಿಯರಿರುವವರು ಈ ವಾರವೇ ಕೇಳಿ ಬರೆದು ಕಳುಹಿಸಿದರೆ, ನಮ್ಮ ಪತ್ರಿಕೆಯಲ್ಲಿ ಅದಕ್ಕೆ ಸ್ಥಳವುಂಟು.