ಬಂಡಿ ಕಟ್ಟಿ ಬಂದವರು

ಮಾಗಡಿಯ ಕೆಂಪೇಗೌಡರ ಚರಿತ್ರೆಯನ್ನು 1537ರಲ್ಲಿ ಕಟ್ಟಿದ ಬೆಂಗಳೂರು ಕೋಟೆಯಿಂದ ಆರಂಭಿಸುವುದು ವಾಡಿಕೆ. ನನಗಾದರೋ ಅದು ಅದಕ್ಕೂ ನೂರು ವರ್ಷಗಳಿಗೂ ಹಿಂದೆ, ಪಾಲಾರ್ ನದಿಯ ದಡದಲ್ಲಿಯೇ ಮೊದಲಾಯಿತೆಂದು ತೋರುತ್ತದೆ.

ಕಂಚಿಯ ಸೀಮೆಯಲ್ಲಿದ್ದ ಮೊರಸು ಒಕ್ಕಲಿಗರ ಮನೆತನವೊಂದರ ಹೆಣ್ಣುಮಗಳನ್ನು ಅಲ್ಲಿಯ ಬಲಾಢ್ಯನೊಬ್ಬನು ಬಯಸಿದನಂತೆ. ಕೊಡಲೊಲ್ಲದ ಬಂಧುಗಳು ರಾತ್ರೋರಾತ್ರಿ ಬಂಡಿ ಕಟ್ಟಿ, ಪಾಲಾರನ್ನು ದಾಟಿ, ನಂದಿಬೆಟ್ಟದ ಸೀಮೆಗೆ ಬಂದು ಆವತಿಯಲ್ಲಿ ನೆಲೆನಿಂತರು. ಅವರ ಮುಂದಾಳು ರಣಭೈರೇಗೌಡರು. ಇದು ಐತಿಹ್ಯವೇ ಸರಿ. ಆದರೆ ಅಧಿಕಾರಕ್ಕೇರಿದ ಮನೆತನಗಳು ಸೂರ್ಯಚಂದ್ರರಿಂದ ವಂಶಾವಳಿ ಹೆಣೆದುಕೊಳ್ಳುತ್ತಿದ್ದ ಕಾಲದಲ್ಲಿ, ತಾವು ಓಡಿಬಂದವರೆಂಬ ಮಾತನ್ನು ಮುಚ್ಚಿಡದೆ ಉಳಿಸಿಕೊಂಡ ಈ ಮನೆತನದ ಬಗ್ಗೆ ನನಗೆ ವಿಶೇಷ ಗೌರವ. ಕಾಲಕ್ರಮದಲ್ಲಿ ಇದರ ಕವಲುಗಳು ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳಲ್ಲಿ ಬೇರೂರಿದವು. ಜಯಗೌಡರು ಯಲಹಂಕವನ್ನು ಹಿಡಿದರು. ಆ ಶಾಖೆಯ ಕೆಂಪನಂಜೇಗೌಡರ ಮಗನೇ ಕೆಂಪೇಗೌಡರು.

ಅವರು ವಿಜಯನಗರದ ಸಾಮಂತರು. ಕೋಟೆ ಕಟ್ಟಿಸಿದರು, ಕೆರೆ ತೋಡಿಸಿದರು, ಪೇಟೆಗಳನ್ನು ಏರ್ಪಡಿಸಿದರು. ಸ್ವಂತ ನಾಣ್ಯ ಟಂಕಿಸಿದ ತಪ್ಪಿಗೆ ಆನೆಗೊಂದಿಯಲ್ಲಿ ಐದು ವರ್ಷ ಸೆರೆಯನ್ನೂ ಅನುಭವಿಸಿದರೆಂದು ಹೇಳುತ್ತಾರೆ. ಇವೆಲ್ಲ ಶಾಲೆಯ ಮಕ್ಕಳಿಗೂ ತಿಳಿದ ವಿಷಯ.

ನನ್ನನ್ನು ಹೆಚ್ಚಾಗಿ ಕಾಡುವ ಸಂಗತಿ ಬೇರೆಯದು. ಒಬ್ಬ ಮಗಳ ಮಾನಕ್ಕಾಗಿ ಹೊಲಮನೆಗಳನ್ನೇ ತೊರೆದು ಬಂದ ಈ ಜನರಲ್ಲಿ, ಹೆಂಗಸರು ಬಂಡಿದೇವರಿಗೆ ಹರಕೆಯಾಗಿ ಕೈಯ ಕೊನೆಯ ಎರಡು ಬೆರಳುಗಳ ತುದಿಯನ್ನು ಕತ್ತರಿಸಿಕೊಡುವ ಪದ್ಧತಿಯಿತ್ತು. ಆ ದೇವರ ಹೆಸರಿನಲ್ಲಿಯೇ ಬಂಡಿಯಿದೆ. ಹಳೆಯ ಪ್ರಯಾಣದ ನೆನಪು ಅದರಲ್ಲಿ ಅಡಗಿರಬಹುದೆಂಬುದು ನನ್ನ ಊಹೆ ಮಾತ್ರ. ಈ ಪದ್ಧತಿಯನ್ನು ಕೆಂಪೇಗೌಡರು ನಿಷೇಧಿಸಿದರೆಂದು ಪ್ರತೀತಿ. ತನ್ನ ಕುಲದ ದೇವರಿಗೆ ಎದುರು ನಿಲ್ಲುವುದು ಕೋಟೆ ಕಟ್ಟುವುದಕ್ಕಿಂತ ಕಠಿಣ. ಅವರ ಅಪ್ಪಣೆ ಪೂರ್ತಿ ಫಲಿಸಲಿಲ್ಲ. ಹತ್ತೊಂಬತ್ತನೆಯ ಶತಮಾನದ ಬರಹಗಳಲ್ಲಿಯೂ ಈ ಹರಕೆಯ ಪ್ರಸ್ತಾಪ ಬರುತ್ತದೆ.

ಇಮ್ಮಡಿ ಕೆಂಪೇಗೌಡರ ಕಾಲಕ್ಕೆ ಮಾಗಡಿ, ಸಾವನದುರ್ಗಗಳು ಮನೆತನದ ವಶವಾಗಿದ್ದವು. 1638ರಲ್ಲಿ ಬೆಂಗಳೂರು ಬಿಜಾಪುರದ ಪಾಲಾದಾಗ ಮನೆತನ ಮತ್ತೊಮ್ಮೆ ನೆಲೆ ಬದಲಿಸಿ ಮಾಗಡಿಯನ್ನೇ ಮನೆ ಮಾಡಿಕೊಂಡಿತು. 1728ರಲ್ಲಿ ಮೈಸೂರು ಅದನ್ನೂ ಗೆದ್ದಿತು; ಕೊನೆಯ ಪ್ರಭು ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡರು.

ಬೆಂಗಳೂರನ್ನು ಕಟ್ಟಿದ ಹಿರಿಯ ಕೆಂಪೇಗೌಡರು ಗತಿಸಿದ್ದು 1569ರಲ್ಲಿ. ಅವರ ಸಮಾಧಿ ಇರುವುದು ಮಾಗಡಿಯ ಬಳಿಯ ಕೆಂಪಾಪುರವೆಂಬ ಹಳ್ಳಿಯಲ್ಲಿ; ಅದನ್ನು ಗುರುತಿಸಿದ್ದು 2015ರಲ್ಲಿ.